ಕಂಡದ್ದು ಎಡಕ್ಕೆ, ಕೇಳಿದ್ದು ಬಲಕ್ಕೆ

ಬೆಳಗ್ಗೆ ಐದೂಮುಕ್ಕಾಲು. ಕೋರ್ಟಿನ ದೊಡ್ಡ ಗೇಟಿಗೆ ಇನ್ನೂ ಬೀಗವಿದೆ. ರಸ್ತೆಯಾಚೆ, ಜೆರಾಕ್ಸ್ ಅಂಗಡಿಯ ಮೆಟ್ಟಿಲ ಕೆಳಗೆ ಮಾತ್ರ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರಡಿಯಲ್ಲಿ ಐವತ್ತು ದಾಟಿದ ಕಾವಲುಗಾರನೊಬ್ಬ ಸಮವಸ್ತ್ರದಲ್ಲೇ ನಿಂತು, ಗಾಳಿಯನ್ನು ತಳ್ಳಿ ತೋರಿಸುತ್ತಿದ್ದಾನೆ.

"ಬಾಯಲ್ಲಿ ಬೇಡ, ಮಾಡಿ ತೋರ್ಸಿ. ಸೂಪರ್‌ವೈಸರ್ ಹೇಗೆ ತಳ್ಳಿದ್ರು? ಎರಡು ಕೈಲೋ, ಒಂದು ಕೈಲೋ?"

"ಒಂದೇ ಕೈ, ಅಕ್ಕಾ. ಎಡಗೈ. ಬಲಗೈಲಿ ಫೋನಿತ್ತು."

"ಹಾಗ್ಹೇಳಿ ಮತ್ತೆ! ಆ ಫೋನು ಬರೀಬೇಕು. ಆಮೇಲೆ?"

"ಬಾಯಿಗೆ ಬಂದ ಹಾಗೆ ಬೈದ್ರು."

"ಬಾಯಿಗೆ ಏನ್ ಬಂತು, ಅದ್ನ ಹೇಳಿ."

ಕಾವಲುಗಾರ ನೆಲ ನೋಡುತ್ತಾನೆ. "ನಿಮ್ಮ ಮುಂದೆ ಹೇಗೆ ಹೇಳ್ಲಿ?"

"ನಾಚ್ಕೋಬೇಡಿ. ಮೂವತ್ತೊಂದು ವರ್ಷದಿಂದ ಇದೇ ಕೇಳ್ತಿದೀನಿ. ಈ ಊರಲ್ಲಿ ಹೊಸ ಬೈಗುಳ ಹುಟ್ಟಿ ಎಷ್ಟೋ ಕಾಲ ಆಯ್ತು."

ಕಾವಲುಗಾರ ನಕ್ಕು, ನಕ್ಕ ಮೇಲೆ ಹೇಳುತ್ತಾನೆ. ಆಕೆ ಮುಖದ ಒಂದು ಗೆರೆಯೂ ಅಲುಗದಂತೆ ಅದನ್ನು ಅಕ್ಷರಕ್ಕಕ್ಷರ ಬರೆದುಕೊಳ್ಳುತ್ತಾರೆ.

ಇವರನ್ನು ಎಲ್ಲರೂ ಕರೆಯುವುದು ಟೈಪಕ್ಕ ಎಂದು. ದೂರು ಬರೆದುಕೊಡುವುದು ಇವರ ಕೆಲಸ. ಮೂರಡಿ ಅಗಲ, ನಾಲ್ಕಡಿ ಉದ್ದದ ಜಾಗ. ಒಂದು ಮೇಜು, ಎರಡು ಸ್ಟೂಲು, ಅಕ್ಷರ ಸವೆದು ನುಣ್ಣಗಾದ ಕೀಬೋರ್ಡು. ಮೇಲೆ ಯಾರಾದರೂ ಮೆಟ್ಟಿಲಿಳಿದರೆ ಟೈಪಕ್ಕನ ತಲೆಯ ಮೇಲೆ ನಡೆದಂತೆಯೇ ಕೇಳಿಸುತ್ತದೆ. ದಿನಕ್ಕೆ ನಾಲ್ಕೈದು ದೂರು, ಹೆಚ್ಚೆಂದರೆ ಏಳು. ಒಂದೊಂದಕ್ಕೂ ಮುಕ್ಕಾಲು ಗಂಟೆ. ಎಷ್ಟೇ ಗಡಿಬಿಡಿಯಿದ್ದರೂ ಅದಕ್ಕಿಂತ ಬೇಗ ಮುಗಿಸುವುದಿಲ್ಲ. ಬರೆದಾದ ಮೇಲೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ಕೇಳಿದವರು "ಹೌದು, ಹೀಗೇ ಆಯ್ತು" ಎನ್ನುವವರೆಗೆ ಪ್ರಿಂಟ್ ತೆಗೆಯುವುದಿಲ್ಲ.

ಇಷ್ಟು ಬೆಳಗ್ಗೆ ಯಾಕೆ? "ಯಜಮಾನನ ಮೇಲೆ ದೂರು ಕೊಡೋರು ಯಜಮಾನನ ಹೊತ್ತಲ್ಲಿ ಬರೋಕಾಗತ್ತಾ?" ಎನ್ನುತ್ತಾರೆ. ಪಾಳಿ ಮುಗಿಸಿದವರು, ಪಾಳಿಗೆ ಹೊರಟವರು, ಮನೆಗೆಲಸಕ್ಕೆ ಹೋಗುವ ದಾರಿಯಲ್ಲಿ ಸೆರಗು ಬಿಗಿದುಕೊಂಡೇ ನಿಂತವರು: ಇವರ ಪ್ರಪಂಚ ಇಷ್ಟೇ. ಕಪ್ಪು ಕೋಟುಗಳ ಓಡಾಟ ಶುರುವಾಗುವ ಹೊತ್ತಿಗೆ ಇವರ ಅರ್ಧ ದಿನ ಮುಗಿದಿರುತ್ತದೆ.

ಟೈಪಕ್ಕನದೊಂದು ಪದ್ಧತಿಯಿದೆ. ಬಿಳಿ ಹಾಳೆಯೊಂದನ್ನು ಉದ್ದಕ್ಕೆ ಮಡಚಿ, ಬಿಡಿಸಿ, ನಡುವಿನ ಗೆರೆಯ ಮೇಲೆ ಉಗುರಾಡಿಸುತ್ತಾರೆ. ಕಣ್ಣಾರೆ ಕಂಡದ್ದು, ಮುಖದೆದುರೇ ಹೇಳಿಸಿಕೊಂಡದ್ದು, ಮೈಮೇಲೆ ಆದದ್ದು ಎಡಕ್ಕೆ. ಬೇರೆಯವರು ಹೇಳಿ ಗೊತ್ತಾದದ್ದು ಬಲಕ್ಕೆ, ಹೇಳಿದವರು ಯಾರೆಂಬುದರ ಸಮೇತ. "ಹೊಟ್ಟೆಯೊಳಗಿನ ಉರಿ ಎಲ್ಲಿಗಕ್ಕಾ?" ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿದೆ: "ಅದು ನಿಮ್ಮ ಹತ್ರಾನೇ ಇರ್ಲಿ. ಕೇಸು ನಡೆಸೋಕೆ ಬೇಕಾಗತ್ತೆ."

ಈ ಮಡಿಕೆ ಹುಟ್ಟಿದ್ದು ಒಂದು ತಪ್ಪಿನಿಂದ. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಗಂಡನಿಂದ ಏಟು ತಿಂದು ಕಿವಿಯ ತಮಟೆ ಹರಿದುಕೊಂಡ ದರ್ಜಿ ಹೆಂಗಸೊಬ್ಬಳು ಬಂದಿದ್ದಳು. ಆಗಿನ್ನೂ ಟೈಪಕ್ಕ ವಕೀಲರೊಬ್ಬರ ಕಚೇರಿಯ ಹಳೆಯ ನಮೂನೆಯನ್ನು ಮುಂದಿಟ್ಟುಕೊಂಡು ಹೆಸರು ಬದಲಿಸಿ ಬಡಿಯುತ್ತಿದ್ದ ಕಾಲ. ಆ ಕಿವಿ ನೋಡಿ ಇವರಿಗೂ ರಕ್ತ ಕುದಿಯಿತು. ಭಾವ, ಭಾವನ ಹೆಂಡತಿ, ದೂರದೂರಿಗೆ ಮದುವೆಯಾಗಿ ಹೋಗಿದ್ದ ನಾದಿನಿ, ಒಬ್ಬರನ್ನೂ ಬಿಡದೆ ಸೇರಿಸಿದರು. "ಎಲ್ಲರೂ ಸೇರಿ ಹಲವು ಬಾರಿ ಹಿಂಸಿಸಿರುತ್ತಾರೆ" ಎಂಬ ನಮೂನೆಯ ಸಾಲಿನಲ್ಲಿ ತಾರೀಖಿಲ್ಲ, ಜಾಗವಿಲ್ಲ, ಯಾರ ಕೈ ಎಂಬುದಿಲ್ಲ. ಕಿವಿಯ ಸುದ್ದಿಯೂ ಆ ಸಾಲಿನೊಳಗೆ ಮುಳುಗಿಹೋಗಿತ್ತು. ಗಂಡನ ಕಡೆಯವರು ದೊಡ್ಡ ಕೋರ್ಟಿಗೆ, ಅಂದರೆ ಹೈಕೋರ್ಟಿಗೆ, ಹೋದರು. ಯಾರು ಏನು ಮಾಡಿದರೆಂದೇ ಇಲ್ಲದ ದೂರು ಎಂದು ಅದು ರದ್ದಾಯಿತು.

"ಏಟು ಬಿದ್ದಿದ್ದು ನಿಜ. ನಾನು ಬರೆದಿದ್ದು ಜಳ್ಳು" ಎನ್ನುತ್ತಾರೆ ಟೈಪಕ್ಕ. "ಅವಳು ಒಂದು ಮಾತೂ ಬೈಲಿಲ್ಲ. 'ಪರವಾಗಿಲ್ಲ ಬಿಡಕ್ಕ, ನೀನು ನನ್ನ ಪರವಾಗೇ ಬರೆದೆ' ಅಂದ್ಳು. ಅದು ಬೈಗುಳಕ್ಕಿಂತ ಹೆಚ್ಚಾಯ್ತು. ಅವತ್ತೇ ನಮೂನೆ ಹರಿದು ಹಾಕ್ದೆ."

ಇಲ್ಲಿ ಒಂದು ವಿಷಯವನ್ನು ಬಿಚ್ಚಿ ಹೇಳಬೇಕು. ದೂರನ್ನು ವಿಚಾರಣೆಗೆ ಮೊದಲೇ ರದ್ದುಮಾಡುವ ಅಧಿಕಾರ ದೊಡ್ಡ ಕೋರ್ಟಿಗಿದೆ, ಇರಲೇಬೇಕು. ಜಗಳದ ಸೇಡಿಗೆ ಅಮಾಯಕನೊಬ್ಬನನ್ನು ವರ್ಷಗಟ್ಟಲೆ ಕಟಕಟೆಗೆ ಅಲೆದಾಡಿಸುವವರೂ ಇದ್ದಾರೆ. ಆದರೆ ಆ ಬಾಗಿಲು ಯಾರಿಗಾಗಿ ತೆರೆದಿದೆ, ಯಾರು ಒಳನುಗ್ಗುತ್ತಿದ್ದಾರೆ? ದುಡ್ಡಿದ್ದವನ ಮೇಲೆ ದೂರು ದಾಖಲಾದ ವಾರದೊಳಗೆ ರದ್ದು ಕೋರುವ ಅರ್ಜಿ ಸಿದ್ಧ. ಸಾಕ್ಷಿ ಬಾಯಿ ತೆರೆಯುವ ಮೊದಲೇ ಕೇಸನ್ನು ಮೊಳಕೆಯಲ್ಲೇ ಚಿವುಟುವ ಆತುರ. ಬಡವನ ಸತ್ಯಕ್ಕೆ ವಿಚಾರಣೆ ಎಂಬ ಒಂದೇ ಒಂದು ಜಗಲಿಯಿದೆ. ಅದನ್ನೂ ಕಿತ್ತುಕೊಂಡರೆ ಅವನು ಬೀದಿಯಲ್ಲಿ ನಿಂತು ಕೂಗಬೇಕು, ಕೂಗಿದರೆ ಅದೇ ಇನ್ನೊಂದು ಅಪರಾಧ! ದೂರಿನಲ್ಲಿ ಬರೆದದ್ದನ್ನು ಇದ್ದಂತೆ ನಂಬಿದರೆ ಅಪರಾಧ ಕಾಣುತ್ತದೋ ಇಲ್ಲವೋ? ಕಾಣುವುದಾದರೆ ನ್ಯಾಯಾಧೀಶರು ಕತ್ತರಿಯನ್ನು ಕೆಳಗಿಡಬೇಕು. ನಿಜ ಯಾವುದು, ಸುಳ್ಳು ಯಾವುದು ಎಂದು ತೂಗುವ ತಕ್ಕಡಿ ವಿಚಾರಣೆಯ ಕೋಣೆಯಲ್ಲಿದೆ.

ಟೈಪಕ್ಕನಿಗೆ ಕಾನೂನಿನ ಪದವಿಯಿಲ್ಲ. ಹತ್ತನೇ ತರಗತಿ, ಟೈಪಿಂಗ್ ಪರೀಕ್ಷೆ, ಅಷ್ಟೇ. ಮನೆಯಲ್ಲಿ ಶಾಲಾ ಬಸ್ಸು ಓಡಿಸುವ ಗಂಡ, ನರ್ಸಿಂಗ್ ಓದುವ ಮಗಳು, ಎಂಬತ್ತರ ಅತ್ತೆ. ಪದವಿಯಿಲ್ಲದ ಈ ಹೆಂಗಸು ಬರೆದ ಒಂದೂವರೆ ಪುಟ, ಕಳೆದ ಎಂಟು ತಿಂಗಳು ದೊಡ್ಡ ಕೋರ್ಟಿನಲ್ಲಿ ಸಾವು ಬದುಕಿನ ನಡುವೆ ತೂಗಾಡುತ್ತಿತ್ತು.

ಹದಿನಾಲ್ಕು ತಿಂಗಳ ಹಿಂದೆ, ಕೈಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು ಲಾಂಡ್ರಿಯ ಕೆಲಸದಾಕೆಯೊಬ್ಬಳು ಅಣ್ಣನ ಜೊತೆ ಬಂದಳು. ಆಸ್ಪತ್ರೆಯ ಹಾಸುಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ನೀರು ಹಿಂಡುವ ಯಂತ್ರದ ಮುಚ್ಚಳ ತೆರೆದರೆ ಒಳಗಿನ ಪೀಪಾಯಿ ತಾನೇ ನಿಲ್ಲಬೇಕು. ಹೊತ್ತು ಉಳಿಸಲು, ಹಾಗೆ ನಿಲ್ಲಿಸುವ ಸ್ವಿಚ್ಚನ್ನು ತಂತಿಯಿಂದ ಕಟ್ಟಿಹಾಕಿದ್ದರು. ತಿರುಗುತ್ತಿದ್ದ ಬಟ್ಟೆ ಅವಳ ಬಲಗೈಯನ್ನು ಸೆಳೆದುಕೊಂಡಿತು. ಎರಡು ಬೆರಳು ಹೋದವು.

ಅಣ್ಣ ಕೆಂಡವಾಗಿದ್ದ. "ಕೊಲ್ಲೋಕೇ ಮಾಡಿದ್ದು ಅಂತ ಬರೀರಿ. ಯಜಮಾನನ ಹೆಂಡ್ತಿ ಹೆಸರೂ ಹಾಕಿ."

"ಅವ್ರು ಅಲ್ಲಿದ್ರಾ?"

"ಇರ್ಲಿಲ್ಲ. ಆದ್ರೆ ಅವಳೇನೂ ಕಮ್ಮಿ ಇಲ್ಲ."

"ಕಮ್ಮಿ ಇಲ್ಲದಿರೋದು ಅಪರಾಧ ಅಲ್ಲ ಕಣಪ್ಪ. ಹಾಗಿದ್ರೆ ನಮ್ಮತ್ತೇನ ನಾನು ಯಾವತ್ತೋ ಒಳಗೆ ಹಾಕಿಸ್ಬೇಕಿತ್ತು."

"ನೀವು ಅವ್ರ ಕಡೆಯೋರಾ?" ಎಂದು ಸ್ಟೂಲು ಒದ್ದು ಅಣ್ಣ ಹೊರಟೇ ಹೋದ. ತಂಗಿ ಕೂತಳು. ಟೈಪಕ್ಕ ಹಾಳೆ ಮಡಚಿದರು. ಎಡಕ್ಕೆ ಬಿದ್ದವು ನಾಲ್ಕೇ ಮಾತು. ಮಂಗಳವಾರ ತಂತಿ ಕಟ್ಟಿದ್ದನ್ನು ಕಂಡೆ. ಅಂದೇ ಯಜಮಾನರಿಗೆ ತಿಳಿಸಿದೆ. ಅವರು, "ಮುಚ್ಚಳ ತೆಗ್ದೇ ಕೆಲಸ ಮಾಡು, ಬೇಗ ಆಗತ್ತೆ, ಏನೂ ಆಗಲ್ಲ" ಅಂದರು. ಗುರುವಾರ ಬೆಳಗ್ಗೆ ಎರಡು ಬೆರಳು ಹೋದವು. ತಂತಿ ಕಟ್ಟಿದ್ದು ಮೆಕ್ಯಾನಿಕ್ ಎಂದು ಜೊತೆಗಾತಿ ಹೇಳಿದ್ದು ಬಲಕ್ಕೆ ಹೋಯಿತು.

ಯಜಮಾನನ ವಕೀಲರು ದೊಡ್ಡ ಕೋರ್ಟಿನಲ್ಲಿ ಏನೇನು ಹೇಳಲಿಲ್ಲ! ಇದು ಪರಿಹಾರದ ವ್ಯಾಜ್ಯ, ಅಪರಾಧವಲ್ಲ. ಈಕೆ ಕಾರ್ಮಿಕ ಸಂಘದವಳು, ಹಗೆ ಸಾಧಿಸುತ್ತಿದ್ದಾಳೆ. ಯಂತ್ರ ಸುಸ್ಥಿತಿಯಲ್ಲಿದೆ ಎಂಬ ಸರ್ಟಿಫಿಕೇಟ್ ನೋಡಿ, ಬಣ್ಣದ ಮೊಹರು ನೋಡಿ. ಎಂಟು ತಿಂಗಳು ಕೇಸು ತಡೆಯಾಜ್ಞೆಯಲ್ಲಿ ನಿಂತಿತು. ಬೆರಳು ಹೋದವಳು ಎಡಗೈಯಲ್ಲಿ ಬಟ್ಟೆ ಮಡಚುವುದನ್ನು ಕಲಿತಳು. ಸರ್ಟಿಫಿಕೇಟಿಗೇನು, ಅದಕ್ಕೆ ಬೆರಳಿಲ್ಲ, ನೋವಿಲ್ಲ.

ಕಳೆದ ಗುರುವಾರ ಆದೇಶ ಬಂತು: ದೂರು ರದ್ದಾಗುವುದಿಲ್ಲ.

ಕಾವಲುಗಾರನ ದೂರು ಮುಗಿಯುವ ಹೊತ್ತಿಗೆ ಲಾಂಡ್ರಿಯಾಕೆ ಆ ಆದೇಶದ ಪ್ರತಿ ಹಿಡಿದು ಬರುತ್ತಾಳೆ, ಹಿಂದೆ ಅಣ್ಣ. ನ್ಯಾಯಾಧೀಶರ ಮಾತು ನೇರವಾಗಿದೆ. ಪರಿಹಾರ ಸಿಗುವ ದಾರಿ ಇದೆಯೆಂದ ಮಾತ್ರಕ್ಕೆ ಅಪರಾಧ ಅಳಿಸಿಹೋಗದು. ದೂರುದಾರಳಿಗೆ ಸಿಟ್ಟಿದೆಯೆಂದ ಮಾತ್ರಕ್ಕೆ ದೂರು ಸುಳ್ಳಾಗದು. ಸರ್ಟಿಫಿಕೇಟು ನಿಜವೋ ಎಂಬುದೂ ವಿಚಾರಣೆಯಲ್ಲೇ ತೀರ್ಮಾನವಾಗಬೇಕು. ಅಪಾಯ ತಿಳಿಸಿದ ಮೇಲೂ ಯಜಮಾನರು ಹಾಗೆಂದದ್ದು ನಿಜವಾದರೆ ಅದು ಗೊತ್ತಿದ್ದೂ ಮಾಡಿದ ಬೇಜವಾಬ್ದಾರಿ. ಆ ಸಾಲಿನ ಮೇಲ್ಗಡೆಯೇ, ಅವಳು ಬರೆಸಿದ ಯಜಮಾನರ ಮಾತು ಇದ್ದಹಾಗೇ ಅಚ್ಚಾಗಿದೆ: ಮುಚ್ಚಳ ತೆಗ್ದೇ ಕೆಲಸ ಮಾಡು, ಬೇಗ ಆಗತ್ತೆ.

ಟೈಪಕ್ಕ ಕನ್ನಡಕ ಏರಿಸಿ ಎರಡು ಸಲ ಓದುತ್ತಾರೆ. ಮೂರನೇ ಸಲ ಗಟ್ಟಿಯಾಗಿ ಓದುತ್ತಾರೆ. ಅಣ್ಣ ಗಂಟಲು ಸರಿಮಾಡಿಕೊಳ್ಳುತ್ತಾನೆ.

"ಅಕ್ಕಾ, ಅವತ್ತು ಸ್ವಲ್ಪ ಜೋರಾಗಿ ಮಾತಾಡ್ಬಿಟ್ಟೆ. ಯಜಮಾನನ ಹೆಂಡ್ತಿ ಹೆಸರೂ ಸೇರ್ಸಿದ್ರೆ ಇದೂ ಮುಗ್ದೋಗ್ತಿತ್ತಂತೆ, ಸಂಘದ ವಕೀಲ್ರು ಹೇಳಿದ್ರು."

"ಪೂರ್ತಿ ಮುಗೀತಿತ್ತೋ ಇಲ್ವೋ, ನಂಗೊತ್ತಿಲ್ಲ. ಅವ್ರ ವಕೀಲ್ರಿಗೆ ಹಿಡ್ಕೊಳ್ಳೋಕೆ ಒಂದು ಜುಟ್ಟಂತೂ ಸಿಗ್ತಿತ್ತು. ಸ್ಟೂಲು ಒದ್ದಿದ್ದು ಮಾತ್ರ ನಾನೇ ಕಣ್ಣಾರೆ ಕಂಡಿದ್ದು. ಎಡಗಡೆ ಬರ್ದಿಟ್ಟಿದೀನಿ."

ಮೂವರೂ ನಗುತ್ತಾರೆ. ಆದರೆ ಲಾಂಡ್ರಿಯಾಕೆಯ ನಗು ಬೇಗ ನಿಲ್ಲುತ್ತದೆ. ಇನ್ನು ಆರು ವಾರಕ್ಕೆ ಅವಳು ಕಟಕಟೆಯಲ್ಲಿ ನಿಲ್ಲಬೇಕು.

"ಅವ್ರ ವಕೀಲ್ರು ಅಡ್ಡಾದಿಡ್ಡಿ ಕೇಳ್ತಾರಂತೆ. ತಡವರಿಸಿದ್ರೆ ಏನ್ಮಾಡ್ಲಿ ಅಕ್ಕಾ?"

"ತಡವರ್ಸು. ಗೊತ್ತಿಲ್ದೇ ಇರೋದ್ನ ಗೊತ್ತಿಲ್ಲ ಅನ್ನು. ಕಂಡಿದ್ದನ್ನ ಕಂಡೆ ಅನ್ನು. ನಿರರ್ಗಳವಾಗಿ ಹೇಳೋಕೆ ಇದೇನು ಭಾಷಣ ಸ್ಪರ್ಧೆನಾ?"

ಅಣ್ಣ ತಂಗಿ ಪಾಳಿಗೆ ಹೊರಡುತ್ತಾರೆ. ಆದೇಶದ ಹದಿನೇಳು ಪುಟದಲ್ಲಿ ವಕೀಲರ ಹೆಸರುಗಳಿವೆ, ನ್ಯಾಯಾಧೀಶರ ಹೆಸರಿದೆ. ದೂರು ಬರೆದವರ ಹೆಸರಿಲ್ಲ. ಬೇಸರವಿಲ್ಲವೇ ಎಂದರೆ ಟೈಪಕ್ಕ ಆ ಪ್ರಶ್ನೆಯೇ ಅರ್ಥವಾಗದವರಂತೆ ನೋಡುತ್ತಾರೆ.

"ಮಾತು ಅವಳದ್ದು. ನನ್ನ ಹೆಸರು ಯಾಕೆ ಬರ್ಬೇಕು?" ಎನ್ನುತ್ತಾರೆ. ಮುಂದಿನವರಿಗೆ ಸ್ಟೂಲು ಸರಿಸುತ್ತಾರೆ. "ಆದ್ರೆ ಒಂದಾಸೆ ಇದೆ. ಮೂವತ್ತೊಂದು ವರ್ಷ ಆಯ್ತು, ನನ್ನ ಹತ್ರ ಬರೆಸಿದೋರು ನ್ಯಾಯಾಧೀಶರ ಮುಂದೆ ನಿಂತು ಮಾತಾಡಿದ್ದನ್ನ ಒಂದ್ಸಲನೂ ಕೇಳಿಲ್ಲ. ಆ ಹೊತ್ತಲ್ಲಿ ಇಲ್ಲೇ ಯಾರಾದ್ರೂ ಕೂತಿರ್ತಾರೆ. ಇವಳ ಸಾಕ್ಷಿ ದಿನ ಇಲ್ಲಿ ಮುಚ್ಚಿ, ಒಳಗೆ ಹಿಂದಿನ ಬೆಂಚಲ್ಲಿ ಕೂರ್ಬೇಕು. ನಾನು ಬರೆದಿದ್ದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿ ಇಲ್ಲ ಅಂತಾದ್ರೆ ಸಾಕು, ಎದ್ದು ಬರ್ತೀನಿ."