ಅಲಸಂದೆಯ ಮೀಸೆಹುಳ

ಮೊಬೈಲಿಗೆ ಸಿಕ್ಕಿಸುವ ಪುಟ್ಟ ಮ್ಯಾಕ್ರೋ ಲೆನ್ಸೊಂದನ್ನು ನನ್ನಣ್ಣ ಚಾಮರಾಜನಗರದಿಂದ ತಂದುಕೊಟ್ಟ. ಆಮೇಲೆ ಪಣಕಹಳ್ಳಿಯ ನಮ್ಮ ಅಡುಗೆಮನೆಯಲ್ಲಿ ಕಂಡಿದ್ದಕ್ಕೆಲ್ಲ ಅದನ್ನು ಹಿಡಿಯುವುದೇ ನನ್ನ ಕೆಲಸವಾಯಿತು. ಉಪ್ಪಿನ ಹರಳು, ಸಾಸಿವೆ, ಗಂಡನ ಹೆಬ್ಬೆರಳಿನ ಸುಲಿದ ಚರ್ಮ.

ಒಂದು ಬೆಳಿಗ್ಗೆ ಅತ್ತೆ ಅಲಸಂದೆಯನ್ನು ಮೊರಕ್ಕೆ ಸುರಿದು ಹುಳ ಆರಿಸುತ್ತ ಕೂತಿದ್ದರು. ಎಳ್ಳಿಗಿಂತ ತುಸು ದಪ್ಪದ ಕಂದು ಹುಳ. ಬುದ್ಧಿ ಬಂದಾಗಿನಿಂದ ಅದನ್ನು ಉಗುರಿನಲ್ಲಿ ಹೊಸಕಿ ಹಾಕಿದವಳು ನಾನು. ಅವತ್ತು ಮೊರದ ಅಂಚಿನಲ್ಲಿ ನಡೆಯುತ್ತಿದ್ದ ಒಂದನ್ನು ಉಸಿರು ಬಿಗಿಹಿಡಿದು ಫೋಟೊ ತೆಗೆದೆ.

ದೊಡ್ಡದು ಮಾಡಿ ನೋಡಿದೆ. ಹೊಸ ಕಂಬಳಿ ಹೊದ್ದಂತೆ ಮೈತುಂಬ ಹೊಂಬಣ್ಣದ ಕೂದಲು. ಕತ್ತಿನ ಹಿಂದೆ ಜೋಡಿ ಬಿಳಿ ಬೊಟ್ಟು. ತಲೆಯ ಮುಂದೆ ಬಾಚಣಿಗೆಯ ಹಲ್ಲಿನಂತೆ ಹರಡಿದ ಎರಡು ಮೀಸೆ.

ಅತ್ತೆ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, “ಅಯ್ಯೋ ಶಿವನೆ, ನಿಮ್ಮಾವನೇ ಕಣವ್ವ!” ಎಂದರು.

ಜಗಲಿಯಲ್ಲಿದ್ದ ಮಾವ ಎದ್ದು ಬಂದರು. ದಿನಾ ಬಾಚಿ ತಿರುವುವ ಮೀಸೆ ಅವರದು. ಹುಳಕ್ಕೆ ಹೋಲಿಸಿದ್ದಕ್ಕೆ ಮೊದಲು ಮುಖ ಗಂಟಿಕ್ಕಿದರು. ಆದರೆ ಮೊಬೈಲನ್ನು ವಾಪಸು ಕೊಡಲಿಲ್ಲ.

“ಈಬೂತಿನೂ ಅಚ್ಕಂಡದೆ,” ಎಂದರು ಮೆಲ್ಲಗೆ, ಆ ಬಿಳಿ ಬೊಟ್ಟನ್ನು ವಿಭೂತಿಯೆಂದು ತೋರಿಸುತ್ತ. “ಇನ್ಮೇಲೆ ಇವ್ಗಳ ಸಾಯಿಸ್ಬ್ಯಾಡಿ.”

“ಅಂಗಾರೆ ಸಾರ್ಗೆ ಏನಾಕನ?” ಎಂದರು ಅತ್ತೆ.

“ಉರ್ಳಿ ಆಕಿ.”

ಹುಳ ಸಾಯುತ್ತವೆಂದು ಅಂದಿನಿಂದ ಅಲಸಂದೆ ಚೀಲವನ್ನು ಬಿಸಿಲಿಗೆ ಇಡಲು ಮಾವ ಬಿಡಲಿಲ್ಲ. ಅತ್ತೆ ಗೊಣಗುತ್ತಿದ್ದರು. ಹೆಣ್ಣುಹುಳದ ಮೀಸೆ ಸಣ್ಣದು, ಆದರೆ ಬೊಟ್ಟು ಅದಕ್ಕೂ ಇದೆ ಎಂದು ನಾನು ಇನ್ನೊಂದು ಫೋಟೊ ತೋರಿಸಿದ ಮೇಲೆ ಅವರೂ ಮಾವನ ಪಕ್ಷ ಸೇರಿದರು. ದೇವರ ಗೂಡಿನಲ್ಲಿ, ನೀರಿನ ಹಂಡೆಯಲ್ಲಿ, ಎಲ್ಲೆಲ್ಲೂ ಹುಳ. ಕಾಫಿಗೆ ಬಿದ್ದದ್ದನ್ನು ನನ್ನ ಗಂಡ ಚಮಚದಲ್ಲಿ ಎತ್ತಿ ಕಿಟಕಿಯ ಮೇಲೆ ಒಣಗಲು ಬಿಟ್ಟು, ಉಳಿದದ್ದನ್ನು ಕುಡಿಯುತ್ತಿದ್ದರು.

ಹೀಗಿರುವಾಗ ನನ್ನ ನಾದಿನಿಯನ್ನು ನೋಡಲು ಗೆಟ್ಟವಾಡಿಯಿಂದ ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು ತಿನ್ನುವಾಗ ಗಂಡಿನ ತಂದೆಯ ಬಿಳಿ ಶರ್ಟಿನ ಮೇಲೆ ಹುಳವೊಂದು ಹತ್ತಿತು. ಹೊಸಕಿ ಹಾಕಲು ಅವರು ಬೆರಳೆತ್ತಿದರು.

“ತಡೀರಿ!” ಎಂದು ಮಾವ ಕೂಗಿದ್ದಕ್ಕೆ ಗಂಡಿನ ಕೈಯ ತಟ್ಟೆ ಬಿತ್ತು.

ಮಾವ ನನ್ನ ಮೊಬೈಲ್ ತರಿಸಿ ಫೋಟೊ ತೋರಿಸಿದರು. ಪಕ್ಕದಲ್ಲೇ ಮೀಸೆ ತಿರುವಿಕೊಂಡು ನಿಂತರು. ಒಳಗೆ ನಾದಿನಿ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಸಂಬಂಧ ಮುರಿದುಬಿತ್ತು ಅಂದುಕೊಂಡೆ.

ಗಂಡಿನ ತಂದೆ ಬಹಳ ಹೊತ್ತು ಫೋಟೊ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ನಮ್ಮನೆ ಅವರೆಕಾಳಲ್ಲೂ ಅವೆ ಕಣವ್ವ, ಇದ್ಕಿಂತ ದಪ್ಪ. ಬಂದು ಅವ್ದೂ ಒಂದು ಪಟ ತೆಕ್ಕೊಡು,” ಎಂದರು.

ಮಾವನ ಮುಖ ಸಪ್ಪಗಾಯಿತು. “ದಪ್ಪ ಇರ್ಬೋದು. ಮೀಸೆ ಅದಾ?”

“ನೋಡುದ್ರಲ್ವಾ ಗೊತ್ತಾಗದು?”

ಮುಂದಿನ ಸೋಮವಾರ ಮನೆ ನೋಡುವ ಶಾಸ್ತ್ರಕ್ಕೆಂದು ನಾವೆಲ್ಲ ಗೆಟ್ಟವಾಡಿಗೆ ಹೋದೆವು. ಮನೆ ತೋರಿಸುವ ಮೊದಲು ಗಂಡಿನ ತಂದೆ ಅವರೆಕಾಳಿನ ಚೀಲ ಬಿಚ್ಚಿದರು. ಮದುವೆಯ ಮಾತು ಊಟವಾದ ಮೇಲೆ ಬಂತು.