ಹಾಸು ಹಾಕ್ಲೇನ್ರಿ?

ಇಳಕಲ್ಲಿನ ನೇಕಾರರೊಬ್ಬರ ಹೊಟ್ಟೆಯ ಕ್ಯಾನ್ಸರ್ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದಿದ್ದರು. ಎಂಬತ್ತರ ದಶಕದಲ್ಲಿ ಹೊಸ ಡಾಕ್ಟರಾಗಿದ್ದ ನಾನು ಅವರ ರಕ್ತವನ್ನು ಮುಂಬಯಿಗೆ ಕಳಿಸಿ, ಬಂದ ಅಂಕಿಯಲ್ಲಿ ಅವರ ಆಯುಷ್ಯ ಓದುತ್ತಿದ್ದೆ; ಕ್ಯಾನ್ಸರ್ ಮರಳಿದರೆ ಆ ಅಂಕಿ ಏರುತ್ತದೆ. ಜ್ಯೋತಿಷಿಗೂ ಅಷ್ಟು ಜಂಬ ಇರಲಿಕ್ಕಿಲ್ಲ.

ಪ್ರತಿ ಸಲ ಅವರು ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಹೊಸ ಸೀರೆಗೆ ಉದ್ದನೂಲು ಹೂಡುವ ಮಾತೆತ್ತಿ ಕೇಳುತ್ತಿದ್ದರು: “ಮಗ್ಗಕ್ಕ ಹೊಸಾ ಹಾಸು ಹಾಕ್ಲೇನ್ರಿ, ಸಾಹೇಬ್ರ? ಅರ್ಧಾ ನೇಯ್ದ ಸೀರಿ ಬಿಟ್ಟು ಸಾಯಬಾರದ್ರಿ.”

ಅಂಕಿ ಏರಿರುತ್ತಿತ್ತು. “ಬ್ಯಾಡ್ರಿ” ಎನ್ನುತ್ತಿದ್ದೆ. ಮುಂದಿನ ಸಲ ಇನ್ನಷ್ಟು ಏರಿರುತ್ತಿತ್ತು.

ವರ್ಷ ಕಳೆದರೂ ಮನುಷ್ಯ ಗಟ್ಟಿಯಾಗಿಯೇ ಇದ್ದರು. ಗಾಬರಿಯಾಗಿ ಪುಸ್ತಕ ತೆರೆದೆ. ಬೀಡಿ ಸೇದುವವರಲ್ಲಿ ಈ ಅಂಕಿ ಕ್ಯಾನ್ಸರ್ ಇಲ್ಲದೆಯೂ ಏರುತ್ತದಂತೆ. ಆ ಚಟದ ಬಗ್ಗೆ ನಾನು ಅವರನ್ನು ಒಮ್ಮೆಯೂ ವಿಚಾರಿಸಿರಲಿಲ್ಲ.

“ಬೀಡಿ ಸೇದತೀರೇನ್ರಿ?”

“ಮೊದ್ಲ ದಿನಕ್ಕ ಎರಡೋ ಮೂರೋ ಸೇದತಿದ್ದೆ. ಈಗ ಕಟ್ಟುಗಟ್ಟಲೆ. ಮಗ್ಗ ಖಾಲಿ ಬಿದ್ದೈತಿ, ಮತ್ತೇನ ಮಾಡ್ಲಿ ಸಾಹೇಬ್ರ?”