ಬೇರೆ ಏನು ತಗೊಳ್ತಾ ಇದ್ದೀರಿ?

ಮೆಡಿಕಲ್ ಅಮ್ಮನ ಕತ್ತಿನಲ್ಲಿ ಕರಿಮಣಿ ಸರದ ಜೊತೆಗೆ, ಲಂಗದ ಲಾಡಿಯ ತುಂಡಿಗೆ ಕಟ್ಟಿದ ಪುಟ್ಟ ಕತ್ತರಿಯೊಂದು ತೂಗುತ್ತಿತ್ತು. ಎರಡೇ ಮಾತ್ರೆ ಕೇಳಿದರೂ ಮಾತ್ರೆ ಪಟ್ಟಿಯ ಅವಧಿ ಮುಗಿಯುವ ತಾರೀಖಿರುವ ತುದಿಯನ್ನು ಬಿಟ್ಟು ಇನ್ನೊಂದು ಕಡೆಯಿಂದ ಕತ್ತರಿಸಿ, ಹೆಸರನ್ನೂ ತಾರೀಖನ್ನೂ ಕವರಿನ ಮೇಲೆ ಬರೆದು ಕೊಡುತ್ತಿದ್ದರು.

ಬಾಣಸವಾಡಿ ರೈಲು ನಿಲ್ದಾಣದ ರಸ್ತೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಅವರನ್ನು ನಾವೆಲ್ಲ ಮೆಡಿಕಲ್ ಅಮ್ಮ ಎನ್ನುತ್ತಿದ್ದೆವು. ಮನೆಮಾತು ತಮಿಳು. ಗಿರಾಕಿಯ ಮುಖ ನೋಡಿ ಕನ್ನಡವೋ ಉರ್ದುವೋ ಆಡುತ್ತಿದ್ದರು. ಭಾಷೆ ಯಾವುದಾದರೂ ಪ್ರಶ್ನೆ ಮಾತ್ರ ಅದೇ: “ಇದರ ಜೊತೆ ಬೇರೆ ಏನು ತಗೊಳ್ತಾ ಇದ್ದೀರಿ?” ಒಬ್ಬ ಹುಡುಗ ಜ್ವರದ ಮಾತ್ರೆ, ನೆಗಡಿ ಮಾತ್ರೆ ಎರಡೂ ಬೇಕೆಂದಾಗ, “ಎರಡರಲ್ಲೂ ಇರೋದು ಒಂದೇ ಔಷಧಿ ಗುರು. ಮದುವೆ ಊಟಾನಾ, ಎರಡೆರಡು ಸಲ ಬಡಿಸ್ಕೊಳ್ಳೋಕೆ?” ಎಂದಿದ್ದರು.

ತೊಂಬತ್ತರ ದಶಕದ ಕೊನೆ. ರಾಯಚೂರು ಕಡೆಯಿಂದ ಬಂದ ನಾವು ವಠಾರದ ಒಂದು ಕೋಣೆಯಲ್ಲಿದ್ದೆವು. ನಾನು ಕುಕ್ ಟೌನಿನ ಬಂಗಲೆಯೊಂದರ ಕಾವಲುಗಾರ. ಹೆಂಡತಿ ನಾಲ್ಕಾರು ಮನೆಗಳ ನೆಲ ಒರೆಸುತ್ತಿದ್ದಳು. ಮೊಣಕಾಲು ನೋವಿಗೆ ಅಮ್ಮನ ಅಂಗಡಿಯ ಮಾತ್ರೆ ನುಂಗುತ್ತಿದ್ದಳು. ಅದು ಸಾಲದೆಂದು ನಾನು ಶಿವಾಜಿನಗರದ ಮಾರುಕಟ್ಟೆಯ ಹಿಂದೆ ಕೂರುತ್ತಿದ್ದ ಒಬ್ಬನಿಂದ ಪುಡಿ ತಂದೆ. ಬರೀ ಬೇರು, ಸೊಪ್ಪು ಎಂದಿದ್ದ. ಕೆಲವೇ ದಿನಗಳಲ್ಲಿ ಅವಳು ಮೆಟ್ಟಿಲು ಹತ್ತಿದಳು. ವಠಾರದ ಇಬ್ಬರು ಮುದುಕಿಯರೂ ಕೇಳಿದರು, ಅವರಿಗೂ ತಂದುಕೊಟ್ಟೆ. ಹತ್ತನೇ ತರಗತಿ ಓದಿದವನೆಂದು ಎಲ್ಲರಿಗೂ ನನ್ನ ಮೇಲೆ ನಂಬಿಕೆ. ಆ ದೊಡ್ಡಸ್ತಿಕೆ ನನಗೆ ಸಿಹಿಯಾಗಿತ್ತು.

ಕೆಲವು ತಿಂಗಳ ಮೇಲೆ ಮೆಡಿಕಲ್ ಅಮ್ಮ ಒಂದು ದಿನ ಕೇಳಿದರು. “ಏನ್ರೀ, ನಿಮ್ಮ ಮನೆಯವರ ಮುಖ ಯಾಕೆ ಇಷ್ಟು ದುಂಡಗಾಗಿದೆ? ಪುಡಿ, ಕಷಾಯ ಏನಾದ್ರೂ?”

“ಏನಿಲ್ರೀ ಅಮ್ಮಾ. ಬೆಂಗಳೂರಿನ ನೀರು ಮೈಗ ಹತ್ಯಾವ.”

ಅವರು ನಗಲಿಲ್ಲ. ನಾನು ನಕ್ಕೆ.

ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಕಾಫಿ ಚರಟದಂಥ ಕಪ್ಪು ವಾಂತಿ ಮಾಡಿ ಗೋಡೆಗೊರಗಿದಳು. ಅಂಗಡಿಗೆ ಓಡಿದೆ. “ಈಗಲಾದ್ರೂ ನಿಜ ಹೇಳಿ,” ಎಂದರು. ಜೇಬಿನಲ್ಲಿದ್ದ ಪೊಟ್ಟಣ ತೆಗೆದುಕೊಟ್ಟೆ. ಅವರು ಶಟರ್ ಎಳೆದು, ಆಟೋ ಕರೆದು, ಅವಳನ್ನು ಕೂರಿಸಿಕೊಂಡು ಹೋಗಿ, ಆಸ್ಪತ್ರೆಯಲ್ಲಿ ಮೊದಲು ಆ ಪೊಟ್ಟಣವನ್ನೇ ಡಾಕ್ಟರ ಕೈಗಿಟ್ಟರು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರಬೇಕು, ಮುಖ ಊದಿದ್ದೂ ಅದರಿಂದಲೇ, ಅದೂ ನೋವಿನ ಮಾತ್ರೆಯೂ ಸೇರಿ ಹೊಟ್ಟೆಯೊಳಗೆ ರಕ್ತ ಒಸರಿದೆ ಎಂದರು ಡಾಕ್ಟರು. ಅವಳು ಉಳಿದುಕೊಂಡಳು.

ಆಸ್ಪತ್ರೆಯ ಬೆಂಚಿನ ಮೇಲೆ ಮುದುಕಿಯರ ವಿಷಯ ಬಾಯಿಬಿಟ್ಟೆ. “ಪುಡಿ ಸಿಗವಲ್ದು ಅಂತ ಹೇಳಿ ನಿಲ್ಲಿಸಿಬಿಡ್ತೀನ್ರೀ,” ಎಂದೆ.

“ಅಯ್ಯೋ, ತಿಂಗಳುಗಟ್ಟಲೆ ತಗೊಂಡಿರೋದನ್ನ ಒಂದೇ ಸಲ ನಿಲ್ಸಿದ್ರೂ ಜೀವಕ್ಕೆ ಅಪಾಯ ರೀ. ಡಾಕ್ಟರೇ ನೋಡಿ ನಿಧಾನವಾಗಿ ಕಮ್ಮಿ ಮಾಡ್ಬೇಕು. ನಡೀರಿ, ಹೇಳೋಣ.”

“ನೀವೇ ಹೇಳ್ರೀ ಅಮ್ಮಾ. ನನಗ ಬಾಯಿ ಬರಂಗಿಲ್ಲ.”

“ಕೊಟ್ಟೋರು ನೀವು, ಹೇಳೋರೂ ನೀವೇ. ನಾನು ಪಕ್ಕದಲ್ಲಿ ನಿಂತಿರ್ತೀನಿ.”

ವಠಾರಕ್ಕೆ ಬಂದು, ಹೇಳಿದಂತೆಯೇ ಪಕ್ಕದಲ್ಲಿ ನಿಂತರು. ನಾನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಒಬ್ಬ ಮುದುಕಿ, “ನನ್ನ ಕೊಲ್ಲಾಕ ತಂದಿದ್ದೇನೋ ಮೂಳಾ!” ಎಂದು ಕೂಗಾಡಿದಳು. ಅಮ್ಮ ಅವಳ ತೋಳು ಹಿಡಿದು, “ಬೈಯೋದನ್ನ ದಾರೀಲಿ ಬೈಯಿರಿ ಅಜ್ಜಿ, ಮೊದಲು ಆಟೋ ಹತ್ತಿ,” ಎಂದರು. ಇಬ್ಬರನ್ನೂ ಡಾಕ್ಟರಿಗೆ ತೋರಿಸಿದೆವು. ನಾನು ಹೇಳಿದ ಸುಳ್ಳನ್ನು ಅಮ್ಮ ಆಮೇಲೆ ಎಂದೂ ಎತ್ತಲಿಲ್ಲ. ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ. ಬರೀ ಕೆಮ್ಮಿನ ಔಷಧಿ ಕೊಳ್ಳಲು ಹೋದರೂ ಕೇಳುತ್ತಿದ್ದರು. ನಾನೂ ಕುಡಿದ ಶುಂಠಿ ಕಷಾಯದ ತನಕ ಒಪ್ಪಿಸುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲ್ ಮಾರುತ್ತಾರೆ. ನನ್ನ ಹೆಂಡತಿಯ ಮೊಣಕಾಲು ಇವತ್ತಿಗೂ ನೋಯುತ್ತದೆ. ಬೆಳಗಾಗೆದ್ದು ನಾನು ಎಣ್ಣೆ ತಿಕ್ಕುತ್ತಿದ್ದರೆ, “ಮೆಲ್ಲಗ ತಿಕ್ಕೋ ಮಾರಾಯಾ, ಅದು ಕಾಲು, ಕಟ್ಟಿಗಿ ಅಲ್ಲ,” ಎಂದು ಬೈಯುತ್ತಾಳೆ. ನಾನು ಮೆಲ್ಲಗೆ ತಿಕ್ಕುತ್ತೇನೆ. ಹೀಗೆ ಬೈಸಿಕೊಳ್ಳುವ ಬೆಳಗುಗಳು ನನಗೆ ಉಳಿದದ್ದು ಆ ತಾಯಿಯಿಂದ.